ಉಳಿದ ಹಲ್ಲುಗಳ ಪರವಾಗಿ

ಮಾನ್ಯ ತಪಾಸಣಾಧಿಕಾರಿಗಳೇ,

ನನ್ನ ಮುಂದಿನ ಹಲ್ಲು ಎಂದೂ ಮುರಿದೇ ಇಲ್ಲ, ಅದನ್ನು ಕಟ್ಟಿದ ಲೆಕ್ಕವೇ ಸುಳ್ಳು ಎಂದು ವರದಿ ಬರೆದು, ನಮ್ಮ ಪೇಟೆಯ ಪಕ್ಕದ ಸರಕಾರಿ ಹಲ್ಲಿನ ದವಾಖಾನೆಯಿಂದ ಲೇಪ ಗಟ್ಟಿ ಮಾಡುವ ನೀಲಿ ದೀಪವನ್ನು ತಾವು ಹೊತ್ತೊಯ್ದಿದ್ದೀರಿ. ತಮಗೆ ನಂಬಿಕೆ ಬರಲು ನಾನು ಇನ್ನೊಮ್ಮೆ ಮುರಿದುಕೊಳ್ಳಬೇಕೇ?

ನಾನು ನರಗುಂದದ ಕಾಳಿನ ವ್ಯಾಪಾರಿ. ತೇವ ಅಳೆಯುವ ಯಂತ್ರ ಅಂಗಡಿಯಲ್ಲಿದೆ, ಆದರೆ ಅದನ್ನು ನಂಬುವ ವ್ಯಾಪಾರಿಯನ್ನು ನಾನಿನ್ನೂ ಕಂಡಿಲ್ಲ. ಕಡಲೆ ಒಣಗಿದೆಯೋ ಇಲ್ಲವೋ ಎಂದು ನಾವು ಕಡಿದೇ ಹೇಳುತ್ತೇವೆ. ಕಟಕ್ ಎಂದರೆ ಒಣಗಿದ ಮಾಲು. ಹೋದ ಸುಗ್ಗಿಯಲ್ಲಿ ಸವಡಿಯ ರೈತ ಮಾಳಪ್ಪ ತಂದ ಚೀಲದಿಂದ ನಾಲ್ಕು ಕಾಳು ಬಾಯಿಗೆ ಹಾಕಿದೆ. ಕಟಕ್ ಎಂದಿತು. "ಮಾಲು ಭಾಳ ಚಲೋ ಒಣಗೇತಿ" ಎಂದು ಪೇಟೆಗೆಲ್ಲ ಕೇಳುವಂತೆ ಸಾರಿಬಿಟ್ಟೆ. ಆಮೇಲೆ ಅಂಗೈಗೆ ಉಗುಳಿದರೆ ಒಂದು ಕಲ್ಲಿನ ಹರಳು, ನನ್ನದೇ ಅರ್ಧ ಹಲ್ಲು!

ಆ ದವಾಖಾನೆಯ ದಂತವೈದ್ಯೆ ಅನಘಾ ಅದನ್ನು ಕೀಳಲಿಲ್ಲ. ಉಳಿದ ಅರ್ಧವನ್ನು ಹಾಗೇ ಇಟ್ಟುಕೊಂಡು, ಮೇಲೆ ಹಲ್ಲಿನ ಬಣ್ಣದ ಲೇಪ ಕೂರಿಸಿ, ದೀಪ ಹಿಡಿದು ಗಟ್ಟಿ ಮಾಡಿದರು.

"ಛಂದಾಗಿ ಬೆಳ್ಳಗ ಮಾಡ್ರಿ ಮೇಡಂ" ಎಂದೆ.

"ಬ್ಯಾಡ್ರಿ, ಉಳಿದಾವೆಲ್ಲಾ ಚಾದ ಬಣ್ಣಕ್ಕ ಬಂದಾವ. ಇದೊಂದ ಬೆಳ್ಳಗಿದ್ರ ಮಂದಿ ನಗ್ತಾರ" ಎಂದು ಮೂವತ್ತು ವರ್ಷದ ಚಹಾದ ಕರೆಯನ್ನೂ ಅದಕ್ಕೆ ಹಚ್ಚಿಕೊಟ್ಟರು. ಮನೆಯಾಕೆ ಗೌರವ್ವನಿಗೇ ಯಾವುದು ಕಟ್ಟಿದ್ದೆಂದು ತಿಳಿಯಲಿಲ್ಲ.

ಇನ್ನು ತಮಗೆ ಹೇಗೆ ತಿಳಿದೀತು? ತಪಾಸಣೆಯ ದಿನ ನನ್ನ ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ನನ್ನ ಹೆತ್ತವರು ಕೊಟ್ಟ ಹಲ್ಲನ್ನೇ ತಟ್ಟಿ, "ಇದ ನೋಡ್ರಿ ಕಟ್ಟಿದ್ದು, ಕಳಪೆ ಕೆಲಸ" ಎಂದಿರಿ. ಅಲ್ಲವೆಂದರೆ, "ಹಂಗಾರ ಯಾವ್ದೂ ಕಟ್ಟೇ ಇಲ್ಲ" ಎಂದು ಗೀಚಿಕೊಂಡಿರಿ. ಕಿತ್ತ ಹಲ್ಲಾದರೆ ತಟ್ಟೆಯಲ್ಲಿ ಬಿದ್ದಿರುತ್ತದೆ, ಎಣಿಸಬಹುದು. ಉಳಿಸಿದ ಹಲ್ಲನ್ನು ಆ ವೈದ್ಯೆ ತಮಗೆ ಎಲ್ಲಿಂದ ತೋರಿಸಬೇಕು? ಕೆಲಸ ಅಷ್ಟು ಚೆನ್ನಾಗಿದ್ದದ್ದೇ ಅವರ ಅಪರಾಧವೇ?

ಇಲ್ಲಿಯವರೆಗೆ ನಗುತ್ತ ಬರೆದೆ, ಇನ್ನು ಮುಂದಿನದು ನಗುವ ಮಾತಲ್ಲ. ನಮ್ಮ ಹಮಾಲ ಮೆಹಬೂಬಸುಭಾನಿಯ ಮಗಳು ಸೈರಾಬಾನು ಹತ್ತನೆಯ ತರಗತಿಯವಳು. ಕಬಡ್ಡಿಯಲ್ಲಿ ಬಿದ್ದು ಮುಂದಿನ ಹಲ್ಲು ಅರ್ಧ ಮುರಿದುಕೊಂಡಿದ್ದಾಳೆ. ಬರುವ ಸೋಮವಾರ ಅವಳ ಪಾಳಿ ಇತ್ತು. ಈಗ ದವಾಖಾನೆಯಲ್ಲಿ ಕೀಳುವ ಇಕ್ಕಳ ಮಾತ್ರ ಉಳಿದಿದೆ. ನಿನ್ನೆ ಅಂಗಡಿಗೆ ಬಂದವಳು ಬಾಯಿಗೆ ಓಢಣಿ ಅಡ್ಡ ಹಿಡಿದೇ ಕೇಳಿದಳು: "ಕಾಕಾ, ಕೀಳಿಸ್ಕೊಂಡ್ರ ಸಾಹೇಬ್ರು ಖರೇನ ಮುರಿದಿತ್ತಂತ ನಂಬ್ತಾರೇನ್ರಿ?" ಅವಳು ಹೋದೊಡನೆ ಈ ಕಾಗದ ಬರೆಯಲು ಕೂತೆ.

ಸೋಮವಾರ ಬೆಳಿಗ್ಗೆ ಒಯ್ದ ದೀಪ ಹಿಡಿದುಕೊಂಡು ತಾವೇ ಬನ್ನಿ. ಅವಳು ಓಢಣಿ ಸರಿಸಿದಾಗ ಕಣ್ತುಂಬ ನೋಡಿಕೊಳ್ಳಿ. ಕಟ್ಟಿದ ಮೇಲೆ ತಮಗೆ ಏನೂ ಕಾಣುವುದಿಲ್ಲ.

ಇಂತಿ,
ತಮ್ಮ ವರದಿಯಲ್ಲಿ ಸುಳ್ಳುಗಾರನಾದ
ಗುರುಪಾದ, ನರಗುಂದ