ಮಾವ ಕೊಟ್ಟ ಸೈಕಲ್ಲಿಗೆ ಕೀಲೆಣ್ಣೆ

ತೊಣ್ಣೂರು
9-3-1994

ಪ್ರೀತಿಯ ಅಂಬಿಕ,

ನೀನು ಹೇಗಿದ್ದೀಯ? ಸೊಂಟನೋವು ತಗ್ಗಿತೇ? ಮಗ ರಾತ್ರಿ ಮಲಗುತ್ತಾನೋ, ಇಲ್ಲ ನಮ್ಮಪ್ಪನ ಹಾಗೆ ಹಗಲೆಲ್ಲ ನಿದ್ದೆ ಹೊಡೆದು ರಾತ್ರಿ ಮನೆಯವರನ್ನೆಲ್ಲ ಎಬ್ಬಿಸುತ್ತಾನೋ? ಬಾಣಂತಿ ಮೈ, ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕೆಂದ ಹಸು ಹೆಣ್ಣುಗರು ಹಾಕಿದೆ. ಗಿಣ್ಣು ಕಾಯಿಸಿದ ದಿನ ಅವ್ವ ನಿನ್ನನ್ನು ನೆನೆದು ಒಂದು ಪಾಲು ಎತ್ತಿಟ್ಟಿದ್ದಳು, ಕೊನೆಗೆ ನಾನೇ ತಿಂದೆ.

ನಿನ್ನ ಕಾಗದ ಬಂತು. ಶಂಕರ ಕಿತ್ತಳೆ ಹಣ್ಣು ತಂದ, ಶಂಕರ ಮಗುವಿಗೆ ಗಿಲಕಿ ತಂದ, ಶಂಕರ ಅತ್ತೆಯನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಕೆ.ಆರ್.ಪೇಟೆ ಆಸ್ಪತ್ರೆಗೆ ಹೋಗಿ ಬಂದ. ನನ್ನ ವಿಷಯ ಹುಡುಕಿದರೆ ಕೊನೆಯಲ್ಲಿ, ನೀವು ಯಾಕೆ ಬರಲಿಲ್ಲ, ಅಷ್ಟೇ. ಶಂಕರ ನಿನ್ನ ಸೋದರತ್ತೆ ಮಗ, ಎದುರು ಮನೆಯವನು, ಬಂದು ಹೋಗುತ್ತಾನೆ, ಗೊತ್ತು. ನೀನು ತೊಟ್ಟಿಲಲ್ಲಿದ್ದಾಗಲೇ ನಿನ್ನನ್ನು ಅವನಿಗೇ ಎಂದು ಮಾತಾಡಿಕೊಂಡಿದ್ದರು, ಅದೂ ಗೊತ್ತು. ನಮ್ಮ ಮದುವೆಯ ಊಟದಲ್ಲಿ ನಿಮ್ಮ ದೊಡ್ಡಮ್ಮ ಪಲ್ಯ ಬಡಿಸುತ್ತಾ ಪಂಕ್ತಿಗೆಲ್ಲ ಅದನ್ನೇ ಹೇಳಿಕೊಂಡು ಬಂದು, ನನ್ನ ಎಲೆಯ ಮುಂದೆ ಮಾತ್ರ ಸುಮ್ಮನಾದರು. ನನಗೆ ಹೊಟ್ಟೆಕಿಚ್ಚು ಎಂದು ನಗುತ್ತೀಯ. ಹೌದು ಕಣೇ, ಹೊಟ್ಟೆಕಿಚ್ಚೇ. ಅವನ ಹೆಸರು ಓದಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ಬರದೆ ಇರುವುದಕ್ಕೂ ಅವನೇ ಕಾರಣ. ದೀಪಾವಳಿಗೆ ನಾನು ಅಲ್ಲಿಗೆ ಬಂದಿದ್ದಾಗ ನನ್ನ ಸೈಕಲ್ಲಿನ ಹಿಂದಿನ ಚಕ್ರ ತಿರುಗಿಸಿ ನೋಡಿ, ಗ್ರೀಸಿನ ಡಬ್ಬಿ ಕೈಗೆ ಕೊಟ್ಟು, "ಅಣ್ಣ, ಇದ್ನ ಆಕ್ಕೊಳಿ, ಇಲ್ದಿದ್ರೆ ಬಾಲ್ಸು ಕಚ್ಕೊಂಡ್ಬುಡ್ತವೆ" ಎಂದಿದ್ದ. ನೀನು ಪಕ್ಕದಲ್ಲೇ ನಿಂತು, ಶಂಕರನಿಗೆ ಎಲ್ಲಾ ಗೊತ್ತಾಗುತ್ತೆ ಎಂದೆ. ಆ ಡಬ್ಬಿಯನ್ನು ನಿಮ್ಮ ಜಗುಲಿಯ ಮೇಲೇ ಬಿಟ್ಟು ಬಂದೆ. ಇಲ್ಲಿ ಅಪ್ಪ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. "ಇಷ್ಟು ದೊಡ್ಡ ಗಾಡಿನೇ ತಿರುಗ್ತದೆ, ನಿನ್ ಸೈಕಲ್ಲು ಯಾವ ಲೆಕ್ಕ ಕಣ್ಲಾ" ಎಂದು ಚಕ್ರದ ನಡುವಿನ ಗುಂಬಕ್ಕೂ ಧಾರಾಳವಾಗಿ ತುಂಬಿಕೊಟ್ಟರು. ಆವತ್ತು ಬೆಣ್ಣೆಯ ಹಾಗೆ ತಿರುಗಿತು. ಶಂಕರನ ಹಂಗಿಲ್ಲದೆ ತಿರುಗಿತಲ್ಲ ಎಂದು ಊರೆಲ್ಲ ಒಂದು ಸುತ್ತು ಹೊಡೆದು ಬಂದೆ.

ಈಗ ಆ ಬೂದಿ, ಎಣ್ಣೆ, ತುಕ್ಕು ಎಲ್ಲಾ ಸೇರಿ ಗಾರೆಯಾಗಿದೆ. ಚಕ್ರ ಬಿಚ್ಚಿ ಜಗುಲಿಯ ಮೇಲೆ ಹಾಕಿಕೊಂಡು ಕೂತಿದ್ದೇನೆ. ಒಂದು ಕಡೆಯ ಬೇರಿಂಗ್ ಹೇಗೋ ಬಂತು, ಒಳಗಿನ ಬಾಲ್ಸೆಲ್ಲ ಎಳ್ಳುಂಡೆಯ ಹಾಗೆ ಅಂಟಿಕೊಂಡಿದ್ದವು. ಇನ್ನೊಂದು ಕಡೆಯದು ಜಪ್ಪಯ್ಯ ಎಂದರೂ ಅಲ್ಲಾಡುತ್ತಿಲ್ಲ. ರೇಷನ್ ಸೀಮೆಎಣ್ಣೆಯಲ್ಲಿ ನೆನೆಸಿದೆ, ಅವ್ವನಿಗೆ ಒಲೆ ಹಚ್ಚುವುದಕ್ಕೂ ಉಳಿಯಲಿಲ್ಲ. ಬಿಸಿನೀರು ಹುಯ್ದೆ. ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಲ್ಲಿ ಬಡಿದೆ. ಶಂಕರನ ಮುಖ ನೆನೆದು ಬಡಿದದ್ದಕ್ಕೋ ಏನೋ, ಪೆಟ್ಟು ಜಾರಿ ಅಚ್ಚಿನ ತುದಿಯ ತಿರುಪಿನ ಮರೆಯೇ ಜಜ್ಜಿಹೋಯಿತು. ಪಾಂಡವಪುರದ ಕುಳ್ಳಯ್ಯನ ಸೈಕಲ್ ಷಾಪಿಗೆ ಕೊಡು ಎನ್ನುತ್ತಾರೆ ಅಪ್ಪ. ಆ ಕುಳ್ಳಯ್ಯ ಶಂಕರನಿಗೆ ದೋಸ್ತಿ. ಕೀಲೆಣ್ಣೆಯ ಕಥೆ ಸಂಜೆಯೊಳಗೆ ನಿಮ್ಮೂರು ಸಿಂಧಘಟ್ಟ ಮುಟ್ಟುತ್ತದೆ.

ಬಸ್ಸಿಲ್ಲವೇ ಎಂದು ಕೇಳುತ್ತೀಯ. ನಿಮ್ಮಪ್ಪನನ್ನು ನೀನು ಕಾಣೆಯಾ? ಮದುವೆಯಲ್ಲಿ ಕೊಟ್ಟ ಸೈಕಲ್ಲು ಅದು. ನಾನು ಬಂದ ಕೂಡಲೇ ನನ್ನನ್ನು ಮಾತಾಡಿಸುವ ಮೊದಲು ಅದಕ್ಕೆ ಸ್ಟ್ಯಾಂಡ್ ಹಾಕಿ, ಪೆಡಲ್ ತಿರುಗಿಸಿ, ಕಿವಿಗೊಟ್ಟು ಕೇಳುತ್ತಾರೆ. ಬರಿಗೈ ಬೀಸಿಕೊಂಡು ಬಸ್ಸಿಳಿದರೆ ಸೈಕಲ್ಲೆಲ್ಲಿ ಎನ್ನುತ್ತಾರೆ. ಶಂಕರ ಎದುರು ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಆದರೆ ಮುಂದಿನ ವಾರ ಭಾನುವಾರ ಮಗುವಿಗೆ ಹೆಸರಿಡುವುದು. ಅವನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವನು ನಾನು. ಹುಟ್ಟಿದ ದಿನ ನೋಡಿದ್ದು, ಮುಖವೇ ಮರೆತುಹೋಗುವ ಹಾಗಿದೆ. ಗಿಲಕಿ ಆಡಿಸುವವನನ್ನೇ ಅಪ್ಪ ಎಂದುಕೊಂಡುಬಿಟ್ಟರೆ ನಾನು ಯಾರಿಗೆ ಹೇಳಲಿ?

ಇನ್ನೊಂದು. ವರಸೆಯಲ್ಲಿ ಶಂಕರ ಮಗುವಿಗೆ ಚಿಕ್ಕಪ್ಪನಾಗುತ್ತಾನೆ. ಅದು ಬೇಡ. ಮಾವ ಎಂದು ಕರೆಯುವುದನ್ನು ಈಗಿನಿಂದಲೇ ಕಲಿಸು. ಆಗ ನಿನಗೆ ಅವನು ಅಣ್ಣನಾಗುತ್ತಾನೆ, ನನಗೂ ನಿದ್ದೆ ಬರುತ್ತದೆ.

ಮಾವನಿಗೂ ಇಂದ್ರಮ್ಮ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಮಗುವಿನ ಕೆನ್ನೆಗೆ ನನ್ನ ಮುತ್ತು. ನಿನಗೆ ನನ್ನ, ಅಪ್ಪ ಅವ್ವನ ತುಂಬು ಆಶೀರ್ವಾದ.

ನಿನ್ನ ದಾರಿ ಕಾಯುತ್ತಿರುವ,
ಬೋರಲಿಂಗ

ಮರೆತಿದ್ದೆ: ಕಾಗದ ಮಡಿಸುವ ಮುಂಚೆ ಇನ್ನೊಂದು ಪೆಟ್ಟು ಹಾಕಿದೆ, ಸುತ್ತಿಗೆಯ ಹಿಡಿಯೇ ಮುರಿಯಿತು. ಶಂಕರನನ್ನು ಹೆಸರಿಡುವುದರ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಇಲ್ಲಿಗೆ ಕಳಿಸು. ನಾನು ಕೇಳಿದೆ ಎನ್ನಬೇಡ, ನೀನೇ ಹೇಳಿದ ಹಾಗೆ ಹೇಳು. ಆ ಗ್ರೀಸ್ ಡಬ್ಬಿಯನ್ನೂ ತರಲಿ. ಮೊಪೆಡ್ಡಿನಲ್ಲೇ ಬರಲಿ, ಪೆಟ್ರೋಲ್ ತುಂಬಿಸಿಕೊಂಡು. ಅವ್ವ ಅವನಿಗೆ ಮುದ್ದೆ, ಬಸ್ಸಾರು ಮಾಡಿ ಹಾಕುತ್ತಾಳೆ. ಬೇರಿಂಗ್ ಬಿಚ್ಚುತ್ತಾ ನಮ್ಮ ಜಗುಲಿಯ ಮೇಲೆ ಸಂಜೆಯವರೆಗೂ ಕೂತಿರಲಿ. ಅಷ್ಟರಲ್ಲಿ ನಾನು ಅವನ ಮೊಪೆಡ್ಡು ಹತ್ತಿ ಅಲ್ಲಿಗೆ ಬಂದಿರುತ್ತೇನೆ.