ನಾಲ್ಕನೆಯ ಲೋಟ

ಗುಬ್ಬಿ
ಸೋಮವಾರ

ಕುಮಾರಿ ನಾಜಿಮಾ ಅವರಿಗೆ,

ನಿನ್ನೆಯ ಚರ್ಚೆಯಲ್ಲಿ ನೀವು ಬೇಕೆಂದೇ ಸೋತಿರಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗಾಗಿಯೇ ಬದುಕಿದ್ದವನು ನಾನು. ಕರುಣೆಯಿಂದ ಬಿಟ್ಟುಕೊಟ್ಟ ಗೆಲುವನ್ನು ಗುರುತಿಸಬಲ್ಲೆ.

ಹುಟ್ಟಿದ ಮನೆಯ ಪಕ್ಷವನ್ನು ಯಾರೂ ವಾದಿಸಬಾರದೆಂಬುದು ನಮ್ಮ ಜಗುಲಿಯ ನಿಯಮ. ಅದರಂತೆ ನನ್ನ ಮಗಳು ಬಿಂದುಶ್ರೀ ಇಸ್ಲಾಮಿನ ದಾರ್ಶನಿಕರ ಪರ, ಅವಳ ಗೆಳತಿಯಾದ ನೀವು ಪಾಶ್ಚಾತ್ಯರ ಪರ ವಾದಿಸುತ್ತಿದ್ದಿರಿ. ಅವಳು ತೀರಿಕೊಂಡ ಮೇಲೆ ಅವಳ ಪಕ್ಷ ನನ್ನದಾಯಿತು.

ಹತ್ತಿಯ ಅರಳೆ ಉರಿಯುವುದು ದೇವರ ಇಚ್ಛೆಯಿಂದ, ಬೆಂಕಿಯ ಬಲದಿಂದಲ್ಲ ಎಂದೆ. ಬೆಂಕಿ ತಾಗಿದರೆ ಉರಿದೀತೆಂಬ ನಮ್ಮ ನಿರೀಕ್ಷೆ ಮನಸ್ಸಿನ ರೂಢಿಯಷ್ಟೇ ಎಂದಿರಿ. ರೂಢಿಗೆ ಉದಾಹರಣೆ ಕೇಳಿದೆ. ಅಷ್ಟರಲ್ಲಿ ನನ್ನ ಪತ್ನಿ ಪ್ರೇಮಲತಾ ನಮ್ಮ ಮೂವರಿಗೆ ನಾಲ್ಕು ಲೋಟ ಕಾಫಿ ತಂದಳು. ನೀವು ನಾಲ್ಕನೆಯ ಲೋಟವನ್ನು ನೋಡಿದಿರಿ. "ಸಾಕು ಬಿಡಿ ಅಂಕಲ್, ನೀವೇ ಗೆದ್ರಿ" ಎಂದಿರಿ.

ನಿಮ್ಮ ಕುಣಿಗಲ್ ಬಸ್ಸು ಹೊರಟ ಮೇಲೆ ಪ್ರೇಮಲತಾ, "ಉದಾಹರಣೆ ತಟ್ಟೇಲೇ ಇತ್ತಲ್ರೀ! ಆ ಹುಡ್ಗಿ ಪಾಪ ಅಂತ ಸುಮ್ನಾದ್ಲು. ದೊಡ್ಡ ಡಿಬೇಟರ್ ಬೇರೆ ನೀವು!" ಎಂದು ಛೇಡಿಸಿದಳು. ಇಬ್ಬರೂ ನಕ್ಕೆವು.

ಇಲ್ಲದವಳಿಗೂ ಕಾಫಿ ಬಗ್ಗಿಸುವ ಕೈಗಿಂತ ರೂಢಿಗೆ ಬೇರೆ ಸಾಕ್ಷಿ ಬೇಕೆ? ಬಿಂದು ಎದುರಿಗಿದ್ದಿದ್ದರೆ ನೀವು ಇಂಥ ಅಸ್ತ್ರವನ್ನು ಬಿಟ್ಟುಕೊಡುತ್ತಿರಲಿಲ್ಲ. ಅವಳ ಪಕ್ಷಕ್ಕೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ಆದುದರಿಂದ ಬರುವ ಭಾನುವಾರ ಆ ಲೋಟವನ್ನೇ ತೋರಿಸಿ ವಾದ ಹೂಡತಕ್ಕದ್ದು. ಲೋಟ ರೂಢಿಯೇ ಇರಲಿ, ಮಗಳಿಲ್ಲದ ಮನೆಗೆ ನೀವು ಬರುತ್ತಿರುವುದು ಇಚ್ಛೆಯಿಂದ ಎಂದು ನಾನು ಉತ್ತರಿಸಲಿದ್ದೇನೆ. ಅದನ್ನೂ ಖಂಡಿಸಲು ಸಿದ್ಧರಾಗಿ ಬನ್ನಿ.

ಸಾಧ್ಯವಾದರೆ ನಿಮ್ಮ ತಾಯಿಯವರನ್ನೂ ಕರೆತನ್ನಿ. ಲೋಟ ಹೇಗೂ ನಾಲ್ಕಿರುತ್ತದೆ.

ಇತಿ, ನಿಮ್ಮ ಪ್ರತಿಪಕ್ಷ,
ಹೊನ್ನಯ್ಯ