ಇಕ್ಕುಳದಲ್ಲಿ ಹಿಡಿದ ನಸುಗುನ್ನಿ

ಮಾವ,

ನಸುಗುನ್ನಿ ಬೀಜದ ಪೊಟ್ಟಣವನ್ನು ನೀವು ನಿನ್ನೆ ಇಕ್ಕುಳದಲ್ಲಿ ಹಿಡಿದು ಗೇಟಿನ ಹೊರಗೆ ಎಸೆದಿರಲ್ಲ, ನಾನೇ ಹೋಗಿ ಹೆಕ್ಕಿ ತಂದೆ. ತುರಿಕೆ ಇರುವುದು ಆ ಬಳ್ಳಿಯ ಕಾಯಿಯ ಮೇಲಿನ ರೋಮದಲ್ಲಿ, ಒಳಗಿನ ಬೀಜದಲ್ಲಲ್ಲ.

ಬೀಜ ಹಾಲಿನಲ್ಲಿ ಬೆಂದು ಒಲೆಯ ಪಕ್ಕ ಇದೆ. ಆ ಹಾಲು ಚೆಲ್ಲಿಬಿಡಿ, ಮರೆತು ಕಾಫಿಗೆ ಹಾಕಬೇಡಿ. ಸಿಪ್ಪೆ ಸುಲಿದು ಬಟ್ಟೆಯ ಮೇಲೆ ಹರಡಿ. ಮಂಜಲ್‌ಪುರದ ಹೋಟೆಲಿನ ಕೆಲಸ ಮುಗಿಸಿ ಬಂದು ನಾನು ರುಬ್ಬಿ, ತುಪ್ಪದಲ್ಲಿ ಹುರಿದು ಬೆಲ್ಲ ಹಾಕುತ್ತೇನೆ. ಚಳಿಗಾಲದಲ್ಲಿ ಮೊಣಕಾಲಿಗೆ ಒಳ್ಳೆಯದಂತೆ, ಪಕ್ಕದ ಮನೆಯ ಹಂಸಾಬೆನ್ ಹೇಳಿದರು.

ಕೈಗೆ ಗ್ಲೌಸ್ ಬೇಡ, ದಯವಿಟ್ಟು. ಹೋದ ವಾರ ಹಂಸಾಬೆನ್ ಕೊಟ್ಟ ಸಿಹಿ, ಆ ಕೌಂಚಾ ಪಾಕ್, ಇದೇ ಬೀಜದ್ದು. ಅದರ ಖಾಲಿ ಡಬ್ಬಿ ನಿಮ್ಮ ದಿಂಬಿನ ಹಿಂದೆ ಸಿಕ್ಕಿತು.

ಸುಮನಾ